ರಕ್ತ ನಿಲ್ಲದಾಗ, ಮಗು ಅಳದಾಗ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಕಡೆಯ ಯಾವುದೋ ತೋಟದ ಮನೆಯಲ್ಲಿ ಹೆರಿಗೆ ಆಯ್ತು, ರಕ್ತ ನಿಲ್ಲುತ್ತಿಲ್ಲ. ದೊಡ್ಡಾಸ್ಪತ್ರೆ ದೂರ. ಪಕ್ಕದಲ್ಲಿ ಇರೋದು ಹಳ್ಳಿಯಲ್ಲಿ ಹೆರಿಗೆ ಮಾಡಿಸುವ ದಾದಿ, ಎಎನ್‌ಎಂ ಅಕ್ಕ ಒಬ್ಬರೇ.

ಅವರಿಂದ ಏನಾಗುತ್ತೆ ಅಂತ ಜಗತ್ತಿಗೆ ತೋರಿಸಿದ್ದೇ ನಮ್ಮ ಬೆಳಗಾವಿ ಜಿಲ್ಲೆ. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ (ಜೆಎನ್‌ಎಂಸಿ) ವೈದ್ಯರು 1,620 ತಾಯಂದಿರ ಅಧ್ಯಯನ ಮಾಡಿದರು. ಹೆರಿಗೆಯಾದ ಕೂಡಲೇ ಎಎನ್‌ಎಂಗಳು ಅವರಲ್ಲಿ ಒಂದು ಗುಂಪಿಗೆ ಅತಿ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಸೂಜಿ ಬೇಡ, ಫ್ರಿಜ್ ಬೇಡ. ಗೆರೆ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಅಳೆದರು. ಕಣ್ಣಂದಾಜು ಇಲ್ಲಿ ಜೀವಕ್ಕೇ ಮೋಸ. ಈ ಮಾತ್ರೆ ಸಿಗದವರಲ್ಲಿ ಶೇ. 12 ಮಂದಿಗೆ ಅತಿ ರಕ್ತಸ್ರಾವ, ಸಿಕ್ಕವರಲ್ಲಿ ಶೇ. 6.4.

ಮಗು ಅಳದಿದ್ದರೆ? ಒರೆಸಿ, ಬೆನ್ನುಜ್ಜಿ. ಉಸಿರಾಡದಿದ್ದರೆ ಮೊದಲ ನಿಮಿಷದೊಳಗೆ ಬ್ಯಾಗ್-ಮಾಸ್ಕ್‌ನಿಂದ ಉಸಿರು ಕೊಡಿ. ಇದಕ್ಕೆ ಕೈ ಪಳಗೋದು ತರಬೇತಿ ಗೊಂಬೆಯ ಮೇಲೆ ಮತ್ತೆ ಮತ್ತೆ ಮಾಡಿದಾಗಲೇ. ಒಂದು ಸಲದ ತರಬೇತಿ ಸಾಲದು, ಪ್ರತಿ ಆರೋಗ್ಯ ಕೇಂದ್ರದಲ್ಲೂ ಆ ಗೊಂಬೆ ಇರಲೇಬೇಕು.