ಸದಿಶ ಬಳಸಿ ಆಕೃತಿಯ ಗುಣ ಸಾಧಿಸುವುದು ಹೇಗೆ?

ಹಾಳೆಯ ಮೇಲೆ ಮನಸ್ಸಿಗೆ ಬಂದಂತೆ ಒಂದು ಚತುರ್ಭುಜ ಎಳೆಯಿರಿ. ಎಷ್ಟು ಸೊಟ್ಟಗಿದ್ದರೂ ಸರಿ. ನಾಲ್ಕೂ ಬಾಹುಗಳ ಮಧ್ಯಬಿಂದುಗಳನ್ನು ಸಾಲಾಗಿ ಸೇರಿಸಿದರೆ ಮೂಡುವುದು ಸಮಾಂತರ ಚತುರ್ಭುಜ. ಫ್ರಾನ್ಸಿನ ಪಿಯರ್ ವರಿನ್ಯೋನ್ ಕಂಡುಕೊಂಡ ಈ ಪ್ರಮೇಯ ಅಚ್ಚಾದದ್ದು 1731ರಲ್ಲಿ, ಆತ ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ.

ಪ್ರೌಢಶಾಲೆಯ ದಾರಿಯಲ್ಲಿ ಇದನ್ನು ಸಾಧಿಸಲು ಕರ್ಣ ಎಳೆದು, ತ್ರಿಭುಜಗಳಿಗೆ ಮಧ್ಯಬಿಂದು ಪ್ರಮೇಯ ಹಚ್ಚಬೇಕು. ಆ ಕರ್ಣ ಎಳೆಯಬೇಕೆಂದು ಹೊಳೆಯದಿದ್ದರೆ ಲೆಕ್ಕ ಅಲ್ಲೇ ನಿಂತಿತು. ಸದಿಶಗಳಲ್ಲಿ ಹೊಸ ಗೆರೆ ಹುಡುಕುವ ಕಷ್ಟವಿಲ್ಲ.

ಎಲ್ಲಾದರೂ ಒಂದು ಮೂಲಬಿಂದು ಇಟ್ಟುಕೊಳ್ಳಿ. ಅಲ್ಲಿಂದ ನಾಲ್ಕು ಶೃಂಗಗಳಿಗೆ ಹೋಗುವ ಸದಿಶಗಳು ಕ್ರಮವಾಗಿ ಅ, ಬ, ಕ, ಡ ಆಗಿರಲಿ. ಮಧ್ಯಬಿಂದು ಎಂದರೆ ಎರಡು ತುದಿಗಳ ಸರಾಸರಿ:

ಪ = (ಅ + ಬ)/2, ಯ = (ಬ + ಕ)/2, ರ = (ಕ + ಡ)/2, ಲ = (ಡ + ಅ)/2

ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವ ಸದಿಶ ಬೇಕಿದ್ದರೆ ತಲುಪುವ ಬಿಂದುವಿನಿಂದ ಹೊರಟ ಬಿಂದುವನ್ನು ಕಳೆಯಬೇಕು. ಹಾಗಾಗಿ ಪಯ = ಯ − ಪ = (ಕ − ಅ)/2. ಅದೇ ರೀತಿ ಲರ = ರ − ಲ = (ಕ − ಅ)/2. ಎರಡೂ ಒಂದೇ! ಸದಿಶಗಳು ಸಮವೆಂದರೆ ಉದ್ದವೂ ಸಮ, ದಿಕ್ಕೂ ಒಂದೇ. ಎದುರುಬದುರಿನ ಒಂದು ಜೊತೆ ಬಾಹು ಸಮ ಮತ್ತು ಸಮಾಂತರವಾಗಿದ್ದರೆ ಸಾಕು, ಪ್ರಮೇಯ ಮುಗಿಯಿತು. ಕ − ಅ ಎಂಬುದು ಮೊದಲ ಚತುರ್ಭುಜದ ಕರ್ಣವೇ. ನಾವು ಎಳೆಯದೆ ಬಿಟ್ಟ ಗೆರೆ ಲೆಕ್ಕದೊಳಗಿಂದ ತಾನಾಗಿ ಎದ್ದು ಬಂದಿದೆ.

ನನಗೆ ಇನ್ನೂ ಹೆಚ್ಚು ಸಂತೋಷ ಕೊಡುವ ಸಂಗತಿ ಬೇರೆಯಿದೆ. ನಾಲ್ಕು ಶೃಂಗಗಳು ಒಂದೇ ಸಮತಲದಲ್ಲಿವೆ ಎಂದು ನಾವು ಎಲ್ಲೂ ಹೇಳಲಿಲ್ಲ. ಒಂದು ಶೃಂಗವನ್ನು ಹಾಳೆಯಿಂದ ಮೇಲಕ್ಕೆತ್ತಿದರೂ ಮಧ್ಯಬಿಂದುಗಳು ಒಂದೇ ಸಮತಲದಲ್ಲಿ ಉಳಿಯುತ್ತವೆ, ಅದೇ ಸಾಧನೆ ಒಂದಕ್ಷರ ಬದಲಾಗದೆ ನಿಲ್ಲುತ್ತದೆ.

ಲಂಬಕೋನ ತೋರಿಸಬೇಕಾದಾಗ ಬಿಂದು ಗುಣಲಬ್ಧ ಬೇಕು: ಶೂನ್ಯವಲ್ಲದ ಎರಡು ಸದಿಶಗಳ ಬಿಂದು ಗುಣಲಬ್ಧ ಸೊನ್ನೆಯಾದರೆ ಅವು ಪರಸ್ಪರ ಲಂಬ. ಅರ್ಧವೃತ್ತದ ಕೋನ ಲಂಬಕೋನವೆಂಬುದನ್ನು ನೋಡೋಣ. ಇಲ್ಲಿ ಮೂಲಬಿಂದುವನ್ನು ಕೇಂದ್ರದಲ್ಲೇ ಇಡುವುದು ಒಳ್ಳೆಯದು. ಆಗ ವ್ಯಾಸದ ತುದಿಗಳು ಅ ಮತ್ತು −ಅ. ವೃತ್ತದ ಮೇಲಿನ ಬಿಂದು ಪ.

(ಅ − ಪ)·(−ಅ − ಪ) = ಪ·ಪ − ಅ·ಅ

ಎರಡೂ ತ್ರಿಜ್ಯದ ವರ್ಗ, ಆದ್ದರಿಂದ ಉತ್ತರ ಸೊನ್ನೆ. ಮೂಲಬಿಂದುವನ್ನು ಬೇರೆಡೆ ಇಟ್ಟಿದ್ದರೂ ಇದೇ ಬರುತ್ತಿತ್ತು, ಆದರೆ ಅರ್ಧ ಪುಟ ಹಿಡಿಯುತ್ತಿತ್ತು. ದ್ವಿತೀಯ ಪಿಯುಸಿಯಲ್ಲಿ ಸೂತ್ರಗಳ ಉರುಹೊಡೆತಕ್ಕೆ ಕೊಡುವ ಸಮಯದಲ್ಲಿ ಸ್ವಲ್ಪವನ್ನು ಮೂಲಬಿಂದುವಿನ ಆಯ್ಕೆಗೆ ಕೊಟ್ಟರೆ ಲೆಕ್ಕ ಎಷ್ಟೋ ಹಗುರಾಗುತ್ತದೆ.

ವಜ್ರಾಕೃತಿಯ ಕರ್ಣಗಳು ಲಂಬವಾಗಿ ಛೇದಿಸುತ್ತವೆ ಎಂಬುದನ್ನು ಈಗ ನೀವೇ ಸಾಧಿಸಿ. ಮೂಲಬಿಂದು ಒಂದು ಶೃಂಗದಲ್ಲಿರಲಿ, ಅಲ್ಲಿಂದ ಹೊರಡುವ ಎರಡು ಬಾಹುಗಳನ್ನು ಅ, ಬ ಎನ್ನಿ; ಕರ್ಣಗಳು ಅ + ಬ ಮತ್ತು ಅ − ಬ.