ಪ್ರೆಗ್ನೆನ್ಸಿ ಕಿಟ್‌ನ ಗೆರೆ ನೋಡಿ ಮಗು ಗಂಡೋ ಹೆಣ್ಣೋ ಹೇಳಬಹುದೇ?

ಸಾರಾಂಶ

ಮೂತ್ರ ಪರೀಕ್ಷೆಯ ಕಿಟ್‌ನಲ್ಲಿ ಗೆರೆ ಗಾಢವಾಗಿದ್ದರೆ ಒಂದು, ತಿಳಿಯಾಗಿದ್ದರೆ ಇನ್ನೊಂದು ಎಂದು ಮಗುವಿನ ಲಿಂಗ ಹೇಳುವ ಸಂದೇಶಗಳು ಹರಿದಾಡುತ್ತವೆ. ಅಡುಗೆ ಸೋಡಾ ಬೆರೆಸಿದಾಗ ನೊರೆ ಬಂದರೆ ಗಂಡು ಎನ್ನುವ ಸಂದೇಶಗಳೂ ಇವೆ. ಎರಡೂ ಸುಳ್ಳು.

ಕೊಗನೊಳ್ಳಿ ದಾಟಿದರೆ ಹೆದ್ದಾರಿ ಮಹಾರಾಷ್ಟ್ರದ ಕಾಗಲ್ ಕಡೆಗೆ ಸಾಗುತ್ತದೆ. ವಾಹನಗಳಿಗೆ ಇಲ್ಲಿ ಟೋಲ್ ಇದೆ, ವಾಟ್ಸಾಪ್ ಫಾರ್ವರ್ಡ್‌ಗಳಿಗೆ ಇಲ್ಲ. ಹಾಗಾಗಿ ಗಡಿಯ ಎರಡೂ ಕಡೆ ಓಡಾಡುವ ಈ ಮಾತನ್ನು ನಾವು ಪರಿಶೀಲಿಸಿದ್ದೇವೆ.

ಕಿಟ್‌ನಲ್ಲಿ ಗೆರೆ ಹೇಗೆ ಮೂಡುತ್ತದೆ?

ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡ ಮೇಲೆ, ಮುಂದೆ ಮಾಸು (ಪ್ಲಾಸೆಂಟಾ) ಆಗಲಿರುವ ಜೀವಕೋಶಗಳು ಎಚ್‌ಸಿಜಿ ಎಂಬ ಪ್ರೋಟೀನ್ ಹಾರ್ಮೋನನ್ನು ತಯಾರಿಸುತ್ತವೆ. ಮೊದಲ ವಾರಗಳಲ್ಲಿ ಗರ್ಭ ನಿಲ್ಲಲು ಇದು ಬೇಕೇ ಬೇಕು. ರಕ್ತದಲ್ಲಿ ಸೇರುವ ಈ ಹಾರ್ಮೋನ್ ಮೂತ್ರದಲ್ಲೂ ಬರುತ್ತದೆ.

ಕಿಟ್‌ನ ಪಟ್ಟಿಯಲ್ಲಿ ಇರುವುದು ಪ್ರತಿಕಾಯಗಳು, ಅಂದರೆ ಆ್ಯಂಟಿಬಾಡಿಗಳು. ಒಂದು ಬೀಗಕ್ಕೆ ಒಂದೇ ಕೀಲಿ ಹೊಂದುವ ಹಾಗೆ, ಇವು ಎಚ್‌ಸಿಜಿಯ ಆಕಾರವನ್ನು ಮಾತ್ರ ಹಿಡಿಯುತ್ತವೆ. ಬಣ್ಣದ ಕಣ ಅಂಟಿಸಿದ ಒಂದು ಪ್ರತಿಕಾಯ ಹಾರ್ಮೋನನ್ನು ಹಿಡಿದುಕೊಂಡು ಪಟ್ಟಿಯ ಉದ್ದಕ್ಕೂ ಸಾಗುತ್ತದೆ. 'ಟಿ' ಜಾಗದಲ್ಲಿ ಕೂತಿರುವ ಇನ್ನೊಂದು ಪ್ರತಿಕಾಯ ಅದನ್ನು ತಡೆದು ನಿಲ್ಲಿಸುತ್ತದೆ. ಬಣ್ಣದ ಕಣಗಳು ಅಲ್ಲೇ ಗುಂಪಾಗಿ ಗೆರೆ ಕಾಣುತ್ತದೆ. 'ಸಿ' ಗೆರೆ ಕಿಟ್ ಸರಿಯಾಗಿ ಕೆಲಸ ಮಾಡಿದೆ ಎನ್ನುವುದಕ್ಕೆ ಗುರುತು.

ಈ ಪ್ರತಿಕಾಯಗಳು ಎಲ್ಲಿಂದ ಬಂದವು?

ಪ್ರಯೋಗಾಲಯದಿಂದ. ಎಚ್‌ಸಿಜಿಗೆ ಆಲ್ಫಾ, ಬೀಟಾ ಎಂಬ ಎರಡು ಭಾಗಗಳಿವೆ. ಆಲ್ಫಾ ಭಾಗ ದೇಹದ ಬೇರೆ ಹಾರ್ಮೋನುಗಳಲ್ಲೂ ಇದೆ. ಹೀಗಾಗಿ ಹಳೆಯ ಪರೀಕ್ಷೆಗಳು ಒಂದನ್ನು ಇನ್ನೊಂದೆಂದು ತಿಳಿದು ಎಡವುತ್ತಿದ್ದವು. 1972ರಲ್ಲಿ ಅಮೆರಿಕದ ವಿಜ್ಞಾನಿ ಜುಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು ಬೀಟಾ ಭಾಗವನ್ನು ಗುರುತಿಸುವ ಪ್ರತಿಕಾಯದಿಂದ ಎಚ್‌ಸಿಜಿಯನ್ನು ಬೇರ್ಪಡಿಸಿ ಅಳೆಯುವ ವಿಧಾನ ಪ್ರಕಟಿಸಿದರು. 1975ರಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದರು. ಅದಕ್ಕೆ 1984ರಲ್ಲಿ ನೊಬೆಲ್ ಬಂತು. ಮೆಡಿಕಲ್ ಅಂಗಡಿಯ ಕಿಟ್‌ಗೂ ಆಶಾ ಕಾರ್ಯಕರ್ತೆಯರ 'ನಿಶ್ಚಯ್' ಕಿಟ್‌ಗೂ ಇದೇ ಬುನಾದಿ.

ಹಾಗಾದರೆ ಗೆರೆ ಗಾಢವಾಗುವುದು ಏಕೆ?

ಎಚ್‌ಸಿಜಿ ಹೆಚ್ಚಿದ್ದರೆ ಗೆರೆ ಗಾಢ. ಗರ್ಭಕ್ಕೆ ಎಷ್ಟು ದಿನವಾಗಿದೆ, ಮೂತ್ರ ಎಷ್ಟು ಗಟ್ಟಿಯಾಗಿದೆ, ನೀರು ಎಷ್ಟು ಕುಡಿದಿದ್ದೀರಿ, ಅವಳಿ ಮಕ್ಕಳೇ, ಯಾವ ಕಂಪನಿಯ ಕಿಟ್ ಎಂಬುದೆಲ್ಲ ಇದರಲ್ಲಿ ಸೇರಿದೆ. ಹೆಣ್ಣು ಭ್ರೂಣವಿದ್ದಾಗ ತಾಯಿಯ ರಕ್ತದಲ್ಲಿ ಎಚ್‌ಸಿಜಿ ಸರಾಸರಿ ಸ್ವಲ್ಪ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳಿವೆ, ನಿಜ. ಆದರೆ ಒಬ್ಬ ತಾಯಿಯಿಂದ ಇನ್ನೊಬ್ಬರಿಗೆ ಇರುವ ವ್ಯತ್ಯಾಸ ಅದಕ್ಕಿಂತ ಎಷ್ಟೋ ದೊಡ್ಡದು. ಗೆರೆಯ ಬಣ್ಣದಿಂದ ಯಾರಿಗೂ ಲಿಂಗ ಹೇಳಲಾಗದು. ಪ್ರತಿಕಾಯಕ್ಕೆ ಗೊತ್ತಿರುವುದು ಒಂದೇ ಪ್ರಶ್ನೆ: ಎಚ್‌ಸಿಜಿ ಇದೆಯೋ ಇಲ್ಲವೋ?

ಅಡುಗೆ ಸೋಡಾ ಹುಳಿಗೆ ನೊರೆ ಬಿಡುತ್ತದೆ, ಅಷ್ಟೆ. ಮೂತ್ರದ ಹುಳಿ ಅಂಶ ಊಟ, ನೀರಿನ ಮೇಲೆ ಬದಲಾಗುತ್ತದೆ. ಗಂಡಸರ ಮೂತ್ರಕ್ಕೆ ಹಾಕಿದರೂ ನೊರೆ ಬರಬಹುದು!

ತಮಾಷೆಗೆ ಕಳಿಸಿದರೆ ಏನಾಗುತ್ತದೆ?

ಹೆಣ್ಣು ಬೇಡ ಎನ್ನುವ ಮನೆಯಲ್ಲಿ ಈ ಗೆರೆ ಬಸುರಿಯ ಮೇಲಿನ ಒತ್ತಡಕ್ಕೆ ನೆಪವಾಗುತ್ತದೆ. 2017ರ ಮಾರ್ಚ್‌ನಲ್ಲಿ, ಕಾಗವಾಡಕ್ಕೆ ಹತ್ತಿರದ ಸಾಂಗ್ಲಿ ಜಿಲ್ಲೆಯ ಮ್ಹೈಸಾಳದಲ್ಲಿ ಪೊಲೀಸರು 19 ಭ್ರೂಣಗಳ ಅವಶೇಷ ಹೊರತೆಗೆದರು. ಅಕ್ರಮ ಗರ್ಭಪಾತದಲ್ಲಿ ಮಹಿಳೆಯೊಬ್ಬರು ಸತ್ತ ಪ್ರಕರಣದ ತನಿಖೆಯಲ್ಲಿ ಅದು ಬಯಲಾಯಿತು.

ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಗಡಿಯ ಎರಡೂ ಕಡೆ ಒಂದೇ. ಲಿಂಗ ಪತ್ತೆಯ ಜಾಹೀರಾತು, ಇಂಟರ್ನೆಟ್‌ನಲ್ಲಾದರೂ ಸರಿ, ಕಲಂ 22ರಡಿ ಅಪರಾಧ. 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಮಗುವಿನ ಲಿಂಗ ನಿರ್ಧಾರವಾಗುವುದು ತಂದೆಯ ವೀರ್ಯಾಣು ತರುವ ಎಕ್ಸ್ ಅಥವಾ ವೈ ವರ್ಣತಂತುವಿನಿಂದ. ತಾಯಿಯನ್ನು ದೂರುವುದಕ್ಕೆ ಕಾರಣವೇ ಇಲ್ಲ.

ಕಿಟ್ ಬಳಸುವಾಗ ನೆನಪಿಡಿ

- ಮುಟ್ಟಿನ ದಿನ ತಪ್ಪಿದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷಿಸಿ.
- ಪ್ಯಾಕೆಟ್ ಮೇಲೆ ಹೇಳಿದ ನಿಮಿಷಗಳೊಳಗೆ ಓದಿ. ಒಣಗಿದ ಮೇಲೆ ಕಾಣುವ ಮಸುಕು ಗೆರೆಯನ್ನು ನಂಬಬೇಡಿ.
- 'ಸಿ' ಗೆರೆ ಬರದಿದ್ದರೆ ಹೊಸ ಕಿಟ್ ಬಳಸಿ.
- ಗೆರೆ ಬಂದರೂ ಗರ್ಭ ಸರಿಯಾದ ಜಾಗದಲ್ಲಿದೆ ಎಂದು ಕಿಟ್ ಹೇಳದು. ಕಿಬ್ಬೊಟ್ಟೆ ನೋವು, ರಕ್ತಸ್ರಾವ, ತಲೆಸುತ್ತು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತೀರ್ಮಾನ

ಗೆರೆ ಹೇಳುವುದು ಎಚ್‌ಸಿಜಿ ಇದೆ ಎಂದಷ್ಟೇ. ಗಂಡು, ಹೆಣ್ಣು ಎಂಬ ಮಾತು ಅದರಲ್ಲಿಲ್ಲ. ಇಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಈ ಲೇಖನ ಕಳಿಸಿ.