ಎಚ್.ಐ.ವಿ. ವೈರಸ್ಸಿನ ಸುಪ್ತಾವಸ್ಥೆ

ಎಚ್.ಐ.ವಿ. ಸೋಂಕಿಗೆ ಇಂದು ಪರಿಣಾಮಕಾರಿಯಾದ ಚಿಕಿತ್ಸೆಯುಂಟು. ಪ್ರತಿನಿತ್ಯ ತಪ್ಪದೆ ಔಷಧವನ್ನು ಸೇವಿಸುವವರ ರಕ್ತದಲ್ಲಿ ವೈರಸ್ಸು ಸಾಮಾನ್ಯ ಪರೀಕ್ಷೆಗಳಿಗೆ ಗೋಚರಿಸದಷ್ಟು ಕ್ಷೀಣವಾಗುತ್ತದೆ. ಈ ಸ್ಥಿತಿಯನ್ನು ಕಾಯ್ದುಕೊಂಡವರು ದೀರ್ಘಕಾಲ ಆರೋಗ್ಯದಿಂದ ಬಾಳಬಲ್ಲರು. ಲೈಂಗಿಕ ಸಂಪರ್ಕದಿಂದ ಅವರ ಸೋಂಕು ಇನ್ನೊಬ್ಬರಿಗೆ ತಗಲುವುದೂ ಇಲ್ಲ. ಆದರೆ ಔಷಧವನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ಸು ಪುನಃ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟು ಕಾಲ ಅದು ಎಲ್ಲಿ ಅಡಗಿದ್ದಿತು? ಈ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸೋಣ.

ಈ ವೈರಸ್ಸು ಮುಖ್ಯವಾಗಿ ಆಕ್ರಮಿಸುವುದು ಸಿ.ಡಿ.೪ ಎಂಬ ಗುರುತುಳ್ಳ ಬಿಳಿಯ ರಕ್ತಕಣಗಳನ್ನು. ಕೋಶವನ್ನು ಹೊಕ್ಕ ವೈರಸ್ಸು ತನ್ನ ಆರ್.ಎನ್.ಎ.ಯನ್ನು ಡಿ.ಎನ್.ಎ. ಆಗಿ ಮಾರ್ಪಡಿಸಿ, ಅದನ್ನು ಕೋಶದ ವರ್ಣತಂತುವಿನೊಳಗೆ ಸೇರಿಸಿಬಿಡುತ್ತದೆ. ಕೋಶವು ಚಟುವಟಿಕೆಯಿಂದಿದ್ದರೆ ಹೊಸ ವೈರಸ್ಸುಗಳನ್ನು ಉತ್ಪಾದಿಸುತ್ತ ಒಂದೆರಡು ದಿನಗಳಲ್ಲಿಯೇ ಸಾಯುತ್ತದೆ. ಇಂದಿನ ಔಷಧಗಳು ಈ ಕಾರ್ಯಕ್ಕೆ ಬೇಕಾದ ಕಿಣ್ವಗಳನ್ನು ತಡೆದು, ಹೊಸ ಕೋಶಗಳಿಗೆ ಸೋಂಕು ಹರಡದಂತೆ ಮಾಡುತ್ತವೆ. ವರ್ಣತಂತುವಿನಲ್ಲಿ ಆಗಲೇ ಸೇರಿಹೋದ ಡಿ.ಎನ್.ಎ.ಯನ್ನು ಮಾತ್ರ ಅವು ಮುಟ್ಟಲಾರವು.

ಸೋಂಕು ತಗಲಿದ ಎಲ್ಲ ಕೋಶಗಳೂ ಹೀಗೆ ಬೇಗನೆ ಸಾಯುವುದಾದರೆ ರೋಗವು ಕಾಲಕ್ರಮದಲ್ಲಿ ತಾನಾಗಿಯೇ ನಿರ್ಮೂಲವಾಗುತ್ತಿತ್ತು. ಆದರೆ ಕೆಲವು ಕೋಶಗಳು ತಮ್ಮ ಕೆಲಸವನ್ನು ಮುಗಿಸಿ ಸ್ಮರಣಕೋಶಗಳಾಗಿ ವಿಶ್ರಮಿಸುತ್ತವೆ. ಒಮ್ಮೆ ಎದುರಿಸಿದ ರೋಗಾಣುವನ್ನು ನೆನಪಿನಲ್ಲಿಟ್ಟು, ಅದು ಮತ್ತೆ ಬಂದಾಗ ಎಚ್ಚತ್ತು ಹೋರಾಡುವುದೇ ಇವುಗಳ ಧರ್ಮ. ಇಂಥ ಕೋಶದಲ್ಲಿ ಸೇರಿದ ವೈರಸ್ಸು ಬೂದಿ ಮುಚ್ಚಿದ ಕೆಂಡದಂತೆ ಸುಮ್ಮನಿರುತ್ತದೆ. ಅದು ಯಾವ ಪ್ರೋಟೀನನ್ನೂ ಹೊರತೋರದಿರುವುದರಿಂದ ದೇಹದ ರಕ್ಷಣಾವ್ಯವಸ್ಥೆಗೆ ಅದರ ಸುಳಿವು ಸಿಕ್ಕುವುದಿಲ್ಲ. ನಮ್ಮನ್ನು ಕಾಪಾಡುವ ಕೋಶದ ದೀರ್ಘಾಯುಷ್ಯವೇ ವೈರಸ್ಸಿಗೂ ಆಶ್ರಯವಾಗಿ ಪರಿಣಮಿಸಿದೆ.

೧೯೯೬ರ ಸುಮಾರಿಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವು ಬಳಕೆಗೆ ಬಂದಾಗ, ಎರಡು ಮೂರು ವರ್ಷಗಳ ಚಿಕಿತ್ಸೆಯಿಂದ ವೈರಸ್ಸನ್ನು ನಿರ್ಮೂಲ ಮಾಡಬಹುದೆಂಬ ಆಶೆ ಮೂಡಿತ್ತು. ೧೯೯೭ರಲ್ಲಿ ಅಮೆರಿಕದ ಮೂರು ಸಂಶೋಧಕ ತಂಡಗಳು ಚಿಕಿತ್ಸೆ ಪಡೆಯುತ್ತಿದ್ದವರ ವಿಶ್ರಾಂತ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಎಚ್ಚರಿಸಿ, ಅವುಗಳಿಂದ ಜೀವಂತ ವೈರಸ್ಸನ್ನು ಹೊರತೆಗೆದವು. ಅಂಥ ಕೋಶಗಳು ಹತ್ತು ಲಕ್ಷಕ್ಕೆ ಸುಮಾರು ಒಂದರಂತೆ ಮಾತ್ರ ಇದ್ದುವು. ಆದರೆ ಅವುಗಳ ಸಂಖ್ಯೆ ಅರ್ಧಕ್ಕಿಳಿಯಲು ಸರಾಸರಿ ೪೪ ತಿಂಗಳುಗಳು ಬೇಕೆಂದು ರಾಬರ್ಟ್ ಸಿಲಿಸಿಯಾನೊ ಅವರ ತಂಡವು ಕಂಡುಹಿಡಿಯಿತು. ದೇಹದಲ್ಲಿ ಇವು ಹತ್ತು ಲಕ್ಷವಿವೆಯೆಂದು ಇಟ್ಟುಕೊಳ್ಳೋಣ. ಇಪ್ಪತ್ತು ಬಾರಿ ಅರ್ಧವಾದ ಮೇಲೆಯೇ ಒಂದು ಉಳಿದೀತು. ಅದಕ್ಕೆ ೮೮೦ ತಿಂಗಳು, ಎಂದರೆ ೭೩ ವರ್ಷಗಳಿಗೂ ಮಿಕ್ಕ ಕಾಲ ಬೇಕು! ಇದರ ಮೇಲೆ, ಸ್ಮರಣಕೋಶವು ವಿಭಜನೆ ಹೊಂದಿದಾಗಲೆಲ್ಲ ಅದರೊಳಗಿನ ವೈರಸ್ಸಿನ ಡಿ.ಎನ್.ಎ.ಯೂ ಇಮ್ಮಡಿಯಾಗುತ್ತದೆ.

ಅಮೆರಿಕದ ಮಿಸಿಸಿಪ್ಪಿ ಸಂಸ್ಥಾನದಲ್ಲಿ ೨೦೧೦ರಲ್ಲಿ ಜನಿಸಿದ ಶಿಶುವಿನ ಉದಾಹರಣೆಯು ಇಲ್ಲಿ ಬೋಧಪ್ರದವಾಗಿದೆ. ಹುಟ್ಟಿದ ೩೦ ಗಂಟೆಗಳಲ್ಲಿಯೇ ಅದಕ್ಕೆ ಚಿಕಿತ್ಸೆ ಆರಂಭವಾಯಿತು. ಸುಮಾರು ಒಂದೂವರೆ ವರ್ಷದ ವಯಸ್ಸಿನಲ್ಲಿ ನಿಂತುಹೋಯಿತು. ಆ ಬಳಿಕ ಎರಡು ವರ್ಷಗಳಿಗೂ ಹೆಚ್ಚು ಕಾಲ ವೈರಸ್ಸು ಕಾಣಲಿಲ್ಲ. ರೋಗವು ಗುಣವಾಯಿತೆಂದೇ ಹಲವರು ಭಾವಿಸಿದ್ದರು. ೨೦೧೪ರಲ್ಲಿ ಅದು ಮರಳಿ ಕಾಣಿಸಿಕೊಂಡಿತು. ಬರ್ಲಿನ್ನಿನಲ್ಲಿ ೨೦೦೭ರಲ್ಲಿ ಅಸ್ಥಿಮಜ್ಜೆಯ ಮೂಲಕೋಶಗಳ ಕಸಿಯನ್ನು ಪಡೆದ ಟಿಮೊತಿ ರೇ ಬ್ರೌನ್ ಎಂಬವರಾದರೋ ನಿಜವಾಗಿಯೇ ಗುಣ ಹೊಂದಿದರು. ಈ ವೈರಸ್ಸು ಸಾಮಾನ್ಯವಾಗಿ ಕೋಶವನ್ನು ಹೊಗುವ ದ್ವಾರವೇ ದಾನಿಯ ಕೋಶಗಳಲ್ಲಿ ಇರಲಿಲ್ಲ. ಆದರೆ ಆ ಕಸಿಯನ್ನು ಮಾಡಿದ್ದು ಅವರ ರಕ್ತದ ಕ್ಯಾನ್ಸರಿಗಾಗಿ. ಪ್ರಾಣಾಪಾಯವುಳ್ಳ ಆ ಕ್ರಮವನ್ನು ಎಲ್ಲ ಸೋಂಕಿತರಿಗೂ ಅನ್ವಯಿಸಲಾಗದು.

ಸುಪ್ತ ವೈರಸ್ಸನ್ನು ಔಷಧದಿಂದ ಎಚ್ಚರಿಸಿ ನಾಶಪಡಿಸುವ ಪ್ರಯತ್ನಗಳೂ ನಡೆದಿವೆ. ವೊರಿನೊಸ್ಟಾಟ್ ಎಂಬ ಔಷಧವು ಅದನ್ನು ಎಚ್ಚರಿಸಬಲ್ಲದೆಂದು ೨೦೧೨ರಲ್ಲಿ ಸಿದ್ಧವಾಯಿತು. ಆದರೆ ಎಚ್ಚತ್ತ ಮಾತ್ರಕ್ಕೆ ಆ ಕೋಶಗಳು ಸಾಯಲಿಲ್ಲ. ಸುಪ್ತಕೋಶಗಳ ಸಂಖ್ಯೆಯೂ ಇಳಿಯಲಿಲ್ಲ.

ಭಾರತದಲ್ಲಿ ೨೦೦೪ರಿಂದ ಸರಕಾರವು ಈ ಔಷಧಗಳನ್ನು ಉಚಿತವಾಗಿ ಒದಗಿಸುತ್ತಿದೆ. ಪರೀಕ್ಷೆಯಲ್ಲಿ ವೈರಸ್ಸು ಕಾಣಲಿಲ್ಲವೆಂದು ಔಷಧವನ್ನು ಬಿಡುವುದು ಏಕೆ ಅಪಾಯಕರವೆಂಬುದು ಮೇಲಿನ ವಿವರಣೆಯಿಂದ ಸ್ಪಷ್ಟವಾಗುತ್ತದೆ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಜೀವಶಾಸ್ತ್ರವನ್ನು ಬೋಧಿಸುವ ಅಧ್ಯಾಪಕರು ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಕೊಟ್ಟರೆ, ಅದರಿಂದ ಜೀವಗಳು ಉಳಿದಾವು.